ಮನೆಗೊಂದು ಗಣಕಯಂತ್ರ: ಕೊಳ್ಳುವ ಮುನ್ನ ಅರಿಯಬೇಕಾದ ಅಂಗಗಳು

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಕೋಡಿಗೆ ಬಳಿದ ಬಣ್ಣವನ್ನು ನೋಡಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ, ಹಟ್ಟಿಯಲ್ಲಿರುವ ಇನ್ನೊಂದು ಎತ್ತಿಗೆ ಇದು ಜೋಡಿಯಾದೀತೆ ಎಂದು ಯೋಚಿಸುತ್ತಾನೆ. ತಲೆಮಾರುಗಳಿಂದ ಬಂದ ಈ ಜಾಣ್ಮೆಯು ಮನೆಗೊಂದು ಗಣಕಯಂತ್ರವನ್ನು ತರುವ ಹೊತ್ತಿಗೆ ಮಾತ್ರ ಅನೇಕರ ಕೈಬಿಟ್ಟುಹೋಗುತ್ತದೆ. ಪೆಟ್ಟಿಗೆಯ ಮೇಲೆ ಅಂಟಿಸಿದ ಒಂದು ಚೀಟಿ, ಅಂಗಡಿಯವನು ಹೇಳಿದ ಒಂದು ಸಂಖ್ಯೆ, ಇಷ್ಟರ ಮೇಲೆಯೇ ಹತ್ತಾರು ಸಾವಿರ ರೂಪಾಯಿಗಳ ವ್ಯವಹಾರ ಮುಗಿದುಬಿಡುತ್ತದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮಗಳು ಪಿ.ಯು. ತರಗತಿಗೆ ಸೇರಿದಳೆಂದು ತಂದೆಯು ಸಂಘದಲ್ಲಿ ಸಾಲ ತೆಗೆದು ಒಂದು ಯಂತ್ರವನ್ನು ತರುತ್ತಾನೆ. "ಐ-5 ಇದೆ, ಒಂದು ಟೀಬಿ ಇದೆ, ಹತ್ತು ವರ್ಷ ಚಿಂತೆಯಿಲ್ಲ" ಎಂಬ ಭರವಸೆಯೂ ಜೊತೆಗೆ ಬಂದಿರುತ್ತದೆ. ಮೊದಲ ಕೆಲವು ವಾರ ಮನೆಯಲ್ಲಿ ಹಬ್ಬ. ಮೂರನೆಯ ತಿಂಗಳಿಗೆ, ಗುಂಡಿಯನ್ನು ಒತ್ತಿ ಚಹಾ ಕುಡಿದು ಬಂದರೂ ಪರದೆಯು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಪಾಠದ ಪುಟವೊಂದನ್ನು ತೆರೆದರೆ ಬರೆಯುತ್ತಿದ್ದ ಪುಟ ಮರಗಟ್ಟುತ್ತದೆ. ಆಗ ತಂದೆಯ ಬಾಯಿಂದ ಬರುವ ಮೊದಲ ಮಾತು: "ಏನೇನೋ ತುಂಬಿ ಕೆಡಿಸಿಬಿಟ್ಟೆ." ಮಗಳು ನಿರುತ್ತರಳಾಗುತ್ತಾಳೆ. ವಾಸ್ತವವಾಗಿ ಅಲ್ಲಿ ಕೆಟ್ಟದ್ದು ಯಾವುದೂ ಇಲ್ಲ. ಕೊಂಡ ದಿನವೇ ಆ ಯಂತ್ರದ ಅಂಗಗಳು ಒಂದಕ್ಕೊಂದು ಹೊಂದದೆ ಇದ್ದವು. ಅದನ್ನು ನೋಡುವ ಕಣ್ಣು ಕೊಂಡವನಿಗೆ ಇರಲಿಲ್ಲ, ಅಷ್ಟೆ.

ಗಣಕಯಂತ್ರದ ವಿಷಯದಲ್ಲಿ ಮೊತ್ತಮೊದಲು ತಿಳಿಯಬೇಕಾದುದು ಇದು: ಅದು ಒಂದು ವಸ್ತುವಲ್ಲ, ಹಲವು ಅಂಗಗಳ ಒಕ್ಕೂಟ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಚುರುಕಾಗಿದ್ದು ಇನ್ನೊಂದು ಕುಂಟುತ್ತಿದ್ದರೆ, ಬಂಡಿ ಸಾಗುವುದು ಕುಂಟುವ ಎತ್ತಿನ ವೇಗದಲ್ಲಿಯೇ. ಗಣಕದ ವೇಗವನ್ನೂ ಅದರ ಅತ್ಯಂತ ನಿಧಾನವಾದ ಅಂಗವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದುದರಿಂದ ಒಂದು ಅಂಗದ ಹಿರಿಮೆಗೆ ಮರುಳಾಗದೆ ಎಲ್ಲ ಅಂಗಗಳ ಹೊಂದಾಣಿಕೆಯನ್ನು ನೋಡುವುದೇ ಕೊಳ್ಳುವವರ ಜಾಣತನ.

ಅಂಗಗಳು ಮತ್ತು ಅವುಗಳ ಕಾಯಕ

ಇಂದಿನ ಗಣಕಗಳ ಮೂಲರಚನೆಯನ್ನು 1945ರಲ್ಲಿ ಜಾನ್ ವಾನ್ ನಾಯ್ಮನ್ ಎಂಬ ಗಣಿತಜ್ಞನ ವರದಿಯೊಂದು ವಿವರಿಸಿತು. ಲೆಕ್ಕ ಮಾಡುವ ಭಾಗ, ಹಿಡಿತದಲ್ಲಿಡುವ ಭಾಗ, ನೆನಪಿನ ಭಾಗ, ಒಳಗೆ ಕೊಡುವ ಭಾಗ, ಹೊರಗೆ ತೋರುವ ಭಾಗ ಎಂಬ ಈ ವಿಂಗಡಣೆಯು ಎಂಟು ದಶಕಗಳ ಅನಂತರವೂ ಮೂಲತಃ ಹಾಗೆಯೇ ಉಳಿದಿದೆ. ಯಂತ್ರದ ಗಾತ್ರ ಕುಗ್ಗಿದೆ, ವೇಗ ಹೆಚ್ಚಿದೆ, ಕಾಯಕ ಬದಲಾಗಿಲ್ಲ.

ಇದನ್ನು ಶಿಕ್ಷಕರಿಗೆ ಪರಿಚಿತವಾದ ಒಂದು ದೃಶ್ಯದಿಂದ ಗ್ರಹಿಸಬಹುದು. ಮೌಲ್ಯಮಾಪನ ಮಾಡುತ್ತಿರುವ ಅಧ್ಯಾಪಕರೊಬ್ಬರು ಕೋಣೆಯಲ್ಲಿ ಕುಳಿತಿದ್ದಾರೆ. ಎದುರಿಗೆ ಮೇಜು, ಗೋಡೆಯ ಬದಿಗೆ ಉತ್ತರಪತ್ರಿಕೆಗಳ ಕಟ್ಟುಗಳನ್ನಿಟ್ಟ ಕಪಾಟು. ಅಧ್ಯಾಪಕರೇ ಸಂಸ್ಕಾರಕ, ಅಂದರೆ ಪ್ರೊಸೆಸರ್. ಮೇಜು ತಾತ್ಕಾಲಿಕ ಸ್ಮೃತಿ. ಅಂಗಡಿಯ ಭಾಷೆಯಲ್ಲಿ ರ್‍ಯಾಮ್. ಕಪಾಟು ಶಾಶ್ವತ ಸಂಗ್ರಹ. ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್.ಎಸ್.ಡಿ. ಕೋಣೆಯ ನೆಲ ಹಾಗೂ ಓಡಾಡುವ ದಾರಿ ಮದರ್‌ಬೋರ್ಡ್. ಅಧ್ಯಾಪಕರು ಎಷ್ಟೇ ಚುರುಕಾಗಿದ್ದರೂ ಮೇಜು ಕಿರಿದಾಗಿದ್ದರೆ ಮತ್ತೆ ಮತ್ತೆ ಎದ್ದು ಕಪಾಟಿಗೆ ಹೋಗಬೇಕು. ಕಪಾಟಿನ ಬಾಗಿಲೂ ಬಿಗಿಯಾಗಿದ್ದರೆ ದಿನವೆಲ್ಲ ಓಡಾಟದಲ್ಲಿಯೇ ಕಳೆಯುತ್ತದೆ. ಮೇಲೆ ಹೇಳಿದ ಮನೆಯಲ್ಲಿ ಆದುದು ಇದೇ.

ಸಂಸ್ಕಾರಕ

1971ರಲ್ಲಿ ಇಂಟೆಲ್ ಕಂಪನಿಯು ಹೊರತಂದ 4004 ಎಂಬ ಸಂಸ್ಕಾರಕದಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಸಾಮಾನ್ಯ ಗಣಕದ ಬೆರಳುಗುರಿನಷ್ಟು ಚಿಪ್ಪಿನಲ್ಲಿ ಅವುಗಳ ಸಂಖ್ಯೆ ನೂರಾರು ಕೋಟಿ. ಹೀಗಾಗಿ ಪತ್ರ ಬರೆಯುವುದು, ಲೆಕ್ಕ ಇಡುವುದು, ಪಾಠದ ವಿಡಿಯೊ ನೋಡುವುದು, ಅಂತರ್ಜಾಲದಲ್ಲಿ ಓದುವುದು ಮುಂತಾದ ಮನೆಯ ಕೆಲಸಗಳಿಗೆ ಈಚಿನ ವರ್ಷಗಳ ಸಾಧಾರಣ ದರ್ಜೆಯ ಸಂಸ್ಕಾರಕವೂ ಸಾಕಾಗುತ್ತದೆ.

ಇಲ್ಲಿ ಮೋಸಹೋಗುವುದು ಹೆಸರಿನ ವಿಷಯದಲ್ಲಿ. ಐ-3, ಐ-5, ಐ-7 ಎಂಬವು ಶಾಲೆಯ ತರಗತಿಗಳಂತೆ ಏರುವ ಶಾಶ್ವತ ಮೆಟ್ಟಿಲುಗಳೆಂದು ಹಲವರು ಭಾವಿಸುತ್ತಾರೆ. ಅವು ಆಯಾ ತಲೆಮಾರಿನೊಳಗಿನ ದರ್ಜೆಗಳು ಮಾತ್ರ. 2011ರಲ್ಲಿ ಬಂದ ಐ5-2400 ಹಾಗೂ 2022ರಲ್ಲಿ ಬಂದ ಐ3-12100 ಎಂಬೆರಡನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ನಾಲ್ಕು ಕೋರ್‌ಗಳಿವೆ. ಮಿಡಿತದ ಮೂಲವೇಗವೂ ಹೆಚ್ಚುಕಡಿಮೆ ಒಂದೇ: ಹಳೆಯದರಲ್ಲಿ 3.1 ಗಿಗಾಹರ್ಟ್ಸ್, ಹೊಸದರಲ್ಲಿ 3.3. ಆದರೆ ಪ್ರತಿಯೊಂದು ಮಿಡಿತದಲ್ಲಿ ಹೊಸದು ಮಾಡುವ ಕೆಲಸ ಹೆಚ್ಚು. ಆದುದರಿಂದ "ಐ-3" ಎಂಬ ಕಿರಿಯ ಹೆಸರಿನದೇ "ಐ-5"ಕ್ಕಿಂತ ಬಹಳ ಮುಂದಿದೆ. ಹಳೆಯ ಯಂತ್ರಗಳನ್ನು ಒರೆಸಿ ಹೊಳಪುಗೊಳಿಸಿ "ಐ-5" ಎಂದು ಮಾರುವ ವ್ಯಾಪಾರದ ಗುಟ್ಟು ಇಲ್ಲಿದೆ.

ಪರಿಹಾರ ಸರಳವಾದುದು. ಅಡ್ಡಗೀಟಿನ ಮುಂದಿನ ಪೂರ್ಣ ಸಂಖ್ಯೆಯನ್ನು ಕೇಳಬೇಕು. 2400 ಎಂಬಲ್ಲಿ ಕೊನೆಯ ಮೂರು ಅಂಕಿಗಳನ್ನು ಬಿಟ್ಟರೆ ಉಳಿಯುವ 2, ಮತ್ತು 12100 ಎಂಬಲ್ಲಿ ಉಳಿಯುವ 12, ಆಯಾ ಸಂಸ್ಕಾರಕದ ತಲೆಮಾರನ್ನು ಹೇಳುತ್ತವೆ. ಈಚೆಗೆ ಹೆಸರಿಡುವ ಕ್ರಮವೇ ಬದಲಾಗಿದೆ; ಇಂಟೆಲ್‌ನ ಹೊಸ ಹೆಸರುಗಳಲ್ಲಿ "ಐ" ಅಕ್ಷರವಿಲ್ಲ. ಎ.ಎಂ.ಡಿ. ಕಂಪನಿಯ ರೈಜೆನ್ ಹೆಸರುಗಳಲ್ಲಿ ಇನ್ನೊಂದು ತೊಡಕು. ರೈಜೆನ್ 5 7520ಯು ಎಂಬುದು 2022ರಲ್ಲಿ ಬಂದ ಲ್ಯಾಪ್‌ಟಾಪ್ ಸಂಸ್ಕಾರಕವಾದರೂ ಅದರ ಕೋರ್‌ಗಳ ರಚನೆ 2019ರಲ್ಲಿ ಬಂದ ಝೆನ್-2 ಎಂಬ ಮಾದರಿಯದು. ಆದುದರಿಂದ ಪೂರ್ಣ ಹೆಸರನ್ನು ಬರೆದುಕೊಂಡು ಬಂದು, ತಯಾರಕರ ಪ್ರಕಟಿತ ವಿವರಗಳಲ್ಲಿ ಅದು ಬಂದ ವರ್ಷವನ್ನೂ ಒಳರಚನೆಯನ್ನೂ ನೋಡಿದ ಮೇಲೆಯೇ ಮುಂಗಡ ಕೊಡುವುದು ಲೇಸು.

ತಾತ್ಕಾಲಿಕ ಸ್ಮೃತಿ

ಮೇಜಿನ ಅಗಲವನ್ನು ಅಳೆಯುವ ಮಾನ ಗಿಗಾಬೈಟ್, ಬಳಕೆಯಲ್ಲಿ ಜಿ.ಬಿ. 1981ರ ಆಗಸ್ಟ್ ತಿಂಗಳಿನಲ್ಲಿ ಐ.ಬಿ.ಎಂ. ಕಂಪನಿಯು ತನ್ನ ಮೊದಲ ವೈಯಕ್ತಿಕ ಗಣಕವನ್ನು ಹೊರತಂದಾಗ ಅದರ ಕನಿಷ್ಠ ಸ್ಮೃತಿ 16 ಕಿಲೋಬೈಟ್ ಮಾತ್ರವಾಗಿತ್ತು. ಇಂದಿನ 8 ಜಿ.ಬಿ. ಎಂದರೆ ಅದರ ಐದು ಲಕ್ಷ ಪಟ್ಟಿಗೂ ಮಿಗಿಲು. ಆದರೆ ಮೇಜು ಹಿಗ್ಗಿದಂತೆ ಅದರ ಮೇಲೆ ಹರಡುವ ಕಾಗದಗಳೂ ಹಿಗ್ಗಿವೆ. ಅಂತರ್ಜಾಲದ ಹತ್ತು ಪುಟಗಳನ್ನು ಒಟ್ಟಿಗೆ ತೆರೆದಿಟ್ಟರೆ ಹಲವಾರು ನೂರು ಮೆಗಾಬೈಟ್‌ಗಳು ಸುಲಭವಾಗಿ ಖರ್ಚಾಗುತ್ತವೆ.

ಸ್ಮೃತಿ ತುಂಬಿದಾಗ ಯಂತ್ರವು ನಿಂತುಹೋಗುವುದಿಲ್ಲ. ಮೇಜಿನ ಮೇಲಿನ ಕೆಲವು ಕಾಗದಗಳನ್ನು ಕಪಾಟಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಈ ಸಾಗಾಟವೇ ಯಂತ್ರ ಮರಗಟ್ಟಿದಂತೆ ಕಾಣುವುದಕ್ಕೆ ಮುಖ್ಯ ಕಾರಣ. ವಿಂಡೋಸ್-11ರ ನಿಯಮದ ಪ್ರಕಾರ ಕನಿಷ್ಠ ಸ್ಮೃತಿ 4 ಜಿ.ಬಿ. ಕನಿಷ್ಠವೆಂದರೆ ಉಸಿರಾಡುವುದಕ್ಕೆ ಸಾಕು, ಓಡುವುದಕ್ಕೆ ಸಾಲದು. ಮನೆಯ ಬಳಕೆಗೆ 8 ಜಿ.ಬಿ. ಇರಲೇಬೇಕು, ಮುಂದೆ ಅದನ್ನು 16ಕ್ಕೆ ಏರಿಸಲು ಅವಕಾಶವಿರಬೇಕು.

ಈ ಅವಕಾಶದ ಮಾತು ಮುಖ್ಯವಾದುದು. ಸ್ಮೃತಿಯ ಪಟ್ಟಿಗಳಲ್ಲಿ ಡಿ.ಡಿ.ಆರ್.-3, 4, 5 ಎಂಬ ಬಗೆಗಳಿವೆ. ಇವುಗಳ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಸ್ಮೃತಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದನ್ನು ಕೊಂಡವರು ಮೊದಲ ದಿನ ಎಷ್ಟು ಪಡೆದರೋ ಕೊನೆಯ ದಿನದವರೆಗೆ ಅಷ್ಟರಲ್ಲಿಯೇ ತೃಪ್ತರಾಗಬೇಕು. "ಮುಂದೆ ಹೆಚ್ಚಿಸಬಹುದೆ, ಖಾಲಿ ಜಾಗ ಎಷ್ಟಿದೆ?" ಎಂಬ ಒಂದು ಪ್ರಶ್ನೆಯು ಯಂತ್ರದ ಆಯುಷ್ಯವನ್ನು ಎರಡು ಮೂರು ವರ್ಷ ಹೆಚ್ಚಿಸಬಲ್ಲುದು.

ಶಾಶ್ವತ ಸಂಗ್ರಹ

ಕಪಾಟಿನಲ್ಲಿ ಎರಡು ಬಗೆ. ಹಾರ್ಡ್ ಡಿಸ್ಕಿನಲ್ಲಿ ಕಾಂತೀಯ ಲೇಪವಿರುವ ತಟ್ಟೆಗಳು ತಿರುಗುತ್ತಿರುತ್ತವೆ. ಗ್ರಾಮಫೋನಿನ ಸೂಜಿಯ ತೋಳಿನಂಥ ಒಂದು ತೋಳು ಅವುಗಳ ಮೇಲೆ ಓಡಾಡಿ ಮಾಹಿತಿಯನ್ನು ಓದುತ್ತದೆ. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಫ್ಲ್ಯಾಶ್ ಚಿಪ್ಪುಗಳಲ್ಲಿ ವಿದ್ಯುದಂಶದ ರೂಪದಲ್ಲಿ ಮಾಹಿತಿ ನಿಲ್ಲುತ್ತದೆ.

ವ್ಯತ್ಯಾಸವೆಷ್ಟೆಂಬುದನ್ನು ಲೆಕ್ಕ ಮಾಡಿ ನೋಡಬಹುದು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯು ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗವು ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ನಾಲ್ಕು ಮಿಲಿಸೆಕೆಂಡು ಕಾಯಬೇಕು. ತೋಳು ಸರಿಯುವ ಸಮಯ ಬೇರೆ. ಕಣ್ಣೆವೆ ಇಕ್ಕುವಷ್ಟೂ ಅಲ್ಲದ ಈ ಅವಧಿಯಲ್ಲಿ 3.1 ಗಿಗಾಹರ್ಟ್ಸ್ ವೇಗದ ಸಂಸ್ಕಾರಕವು ಒಂದು ಕೋಟಿಗೂ ಹೆಚ್ಚು ಸಲ ಮಿಡಿದಿರುತ್ತದೆ. ಮಾಹಿತಿ ಬರುವವರೆಗೆ ಆ ಕೆಲಸದ ಮಟ್ಟಿಗೆ ಅಷ್ಟೂ ಮಿಡಿತಗಳು ವ್ಯರ್ಥ. ಎಸ್.ಎಸ್.ಡಿ.ಯಲ್ಲಿ ಈ ಕಾಯುವಿಕೆಯು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಯಂತ್ರ ಆರಂಭವಾಗುವಾಗ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುವುದರಿಂದ, ಬೇರೆ ಯಾವ ಅಂಗವನ್ನು ಬದಲಿಸಿದರೂ ಕಾಣದ ಚುರುಕು ಈ ಒಂದು ಬದಲಾವಣೆಯಿಂದ ಕಾಣುತ್ತದೆ.

ಎಸ್.ಎಸ್.ಡಿ.ಗಳಲ್ಲಿಯೂ ಬಗೆಗಳುಂಟು. ಸಾಟಾ ಮಾದರಿಯದು ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ವರೆಗೆ ಓದಬಲ್ಲುದು, ಎನ್.ವಿ.ಎಂ.ಇ. ಮಾದರಿಯದು ಅದರ ಹಲವು ಪಟ್ಟು. ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಆ ಆಕಾರದಲ್ಲಿ ಎರಡು ಮಾದರಿಗಳೂ ದೊರೆಯುತ್ತವೆ. ಅತಿ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಇ.ಎಂ.ಎಂ.ಸಿ. ಎಂಬುದು ಇವೆರಡಕ್ಕಿಂತ ನಿಧಾನವಾದುದು, ಸಾಮಾನ್ಯವಾಗಿ ಬೆಸೆದಿರುವಂಥದು.

ಇನ್ನು ಗಾತ್ರದ ಮಾತು. ಅಚ್ಚಿನ ಅಕ್ಷರಗಳು ಹೆಚ್ಚು ಜಾಗವನ್ನು ಬೇಡುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಯೂನಿಕೋಡಿನ ರೂಢಿಯ ಬರೆವಣಿಗೆಯಲ್ಲಿ ಮೂರು ಬೈಟ್ ಬೇಕೆಂದರೂ, ಎರಡು ಲಕ್ಷ ಸಂಕೇತಗಳ ಗ್ರಂಥವೊಂದು ಆರು ಲಕ್ಷ ಬೈಟ್‌ಗಳಲ್ಲಿ, ಅಂದರೆ ಒಂದು ಮೆಗಾಬೈಟ್‌ಗಿಂತ ಕಡಿಮೆ ಸ್ಥಳದಲ್ಲಿ ಅಡಗುತ್ತದೆ. ಜಾಗವನ್ನು ನುಂಗುವುವು ಛಾಯಾಚಿತ್ರಗಳು ಮತ್ತು ವಿಡಿಯೊಗಳು. ಆದುದರಿಂದ ಒಂದು ಟಿ.ಬಿ.ಯ ಹಾರ್ಡ್ ಡಿಸ್ಕಿಗಿಂತ 512 ಜಿ.ಬಿ.ಯ ಎಸ್.ಎಸ್.ಡಿ.ಯೇ ಹೆಚ್ಚಿನ ಮನೆಗಳಿಗೆ ಯೋಗ್ಯ. 512 ಎಂದು ಕೊಂಡದ್ದು ವಿಂಡೋಸಿನ ಪರದೆಯ ಮೇಲೆ 476 ಎಂದು ಕಂಡರೆ ಅದು ಅಂಗಡಿಯ ವಂಚನೆಯಲ್ಲ. ತಯಾರಕರು ನೂರು ಕೋಟಿ ಬೈಟ್‌ಗಳನ್ನು ಒಂದು ಜಿ.ಬಿ. ಎಂದೆಣಿಸಿದರೆ, ವಿಂಡೋಸ್ 107 ಕೋಟಿಗೂ ತುಸು ಹೆಚ್ಚನ್ನು ಒಂದು ಜಿ.ಬಿ. ಎಂದೆಣಿಸುತ್ತದೆ. ಅಳತೆಯ ಸೇರು ಬೇರೆ, ಅಳೆದ ಕಾಳು ಅಷ್ಟೆ.

ವಿದ್ಯುತ್ ಮತ್ತು ಪರದೆ

ಮನೆಗೆ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ಪ್ರವಾಹವಾಗಿ ಪರಿವರ್ತಿಸುವ ಪೆಟ್ಟಿಗೆಗೆ ಎಸ್.ಎಂ.ಪಿ.ಎಸ್. ಎಂದು ಹೆಸರು. ಡೆಸ್ಕ್‌ಟಾಪ್ ಯಂತ್ರದಲ್ಲಿ ಬೆಲೆ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಇದರ ಮೇಲೆ. ಏಕೆಂದರೆ ಕೊಳ್ಳುವವರು ಯಾರೂ ಇದರ ಹೆಸರನ್ನು ಕೇಳುವುದಿಲ್ಲ. ಇದು ಕೆಟ್ಟರೆ ತಾನೊಂದೇ ಕೆಡದೆ ಇತರ ಅಂಗಗಳನ್ನೂ ಕೆಡಿಸಬಹುದು. ಲ್ಯಾಪ್‌ಟಾಪ್, ಅದರ ಅಡಾಪ್ಟರ್, ಮಾನಿಟರ್ ಮುಂತಾದವುಗಳಿಗೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿಯು 2012ರ ಆದೇಶದಿಂದ ಕಡ್ಡಾಯವಾಗಿದೆ. ಆ ಗುರುತನ್ನು ವಸ್ತುವಿನ ಮೇಲೆಯೇ ನೋಡಬೇಕು. ವಿದ್ಯುತ್ ಆಗಾಗ ಹೋಗುವ ಊರುಗಳಲ್ಲಿ ಡೆಸ್ಕ್‌ಟಾಪ್‌ಗೆ ಯು.ಪಿ.ಎಸ್. ಅವಶ್ಯ. ಅದು ಗಂಟೆಗಟ್ಟಲೆ ನಡೆಸುವ ಸಾಧನವಲ್ಲ. ಬರೆದುದನ್ನು ಉಳಿಸಿ ಕ್ರಮವಾಗಿ ಮುಚ್ಚಲು ಕೆಲವು ನಿಮಿಷಗಳನ್ನು ಕೊಡುವ ಆಸರೆ. ಮೂರು ಕಾಲಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೆ ಎಂಬುದನ್ನು ವಿದ್ಯುತ್ ಕೆಲಸ ಬಲ್ಲವರಿಂದ ಯಂತ್ರ ತರುವ ಮುನ್ನವೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಪರದೆಯ ಅಂಗುಲಗಳು ಮೂಲೆಯಿಂದ ಮೂಲೆಗೆ ಅಳೆದವು. ಅದಕ್ಕಿಂತ ಮುಖ್ಯವಾದುದು ಚುಕ್ಕೆಗಳ ಸಂಖ್ಯೆ. 1366×768 ಚುಕ್ಕೆಗಳ ಪರದೆಯಲ್ಲಿ ಒಟ್ಟು ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳಿದ್ದರೆ, 1920×1080ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅಕ್ಷರದ ಕೆಳಗೆ ಒತ್ತು, ಬದಿಗೆ ದೀರ್ಘ ಹಾಗೂ ಕೊಂಬುಗಳಿರುವ ಕನ್ನಡ ಲಿಪಿಯನ್ನು ಗಂಟೆಗಟ್ಟಲೆ ಓದುವ ಕಣ್ಣಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಭಾರಿ ಆಟಗಳಿಗೆ, ವಿಡಿಯೊ ಸಂಕಲನಕ್ಕೆ, ಎಂಜಿನಿಯರಿಂಗ್ ವಿನ್ಯಾಸಗಳಿಗೆ. ಉಳಿದವರಿಗೆ ಸಂಸ್ಕಾರಕದೊಳಗೇ ಅಡಕವಾಗಿರುವ ಚಿತ್ರಭಾಗ ಸಾಕು. ಆದರೆ ಕೆಲವು ಡೆಸ್ಕ್‌ಟಾಪ್ ಸಂಸ್ಕಾರಕಗಳಲ್ಲಿ ಅದು ಇರುವುದಿಲ್ಲವಾದ್ದರಿಂದ ಕೇಳಿ ತಿಳಿದುಕೊಳ್ಳಬೇಕು.

ತಂತ್ರಾಂಶ ಮತ್ತು ಕನ್ನಡ

ಯಂತ್ರ ಕಾಯ, ತಂತ್ರಾಂಶ ಅದರ ನಡೆ. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್-10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಕೊನೆಗೊಂಡಿತು. ವಿಂಡೋಸ್-11ಕ್ಕೆ ಟಿ.ಪಿ.ಎಂ. 2.0 ಎಂಬ ಸುರಕ್ಷಾ ಏರ್ಪಾಡೂ, ಇಂಟೆಲ್‌ನಲ್ಲಾದರೆ ಬಹುತೇಕ ಎಂಟನೆಯ ತಲೆಮಾರು ಅಥವಾ ಅದರ ಅನಂತರದ ಸಂಸ್ಕಾರಕವೂ ಬೇಕು. ಮೇಲೆ ಹೇಳಿದ 2011ರ "ಐ-5" ಈ ಬಾಗಿಲಲ್ಲಿಯೇ ನಿಂತುಬಿಡುತ್ತದೆ. ಅಂಥ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಒಂದು ಗೌರವದ ದಾರಿ. "ಡಾಸ್ ಮಾದರಿ" ಎಂದು ಕಡಿಮೆ ಬೆಲೆಗೆ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಇರುವುದಿಲ್ಲ. ಕಳ್ಳಪ್ರತಿಯನ್ನು ತುಂಬಿಸಿಕೊಂಡು ಉಳಿಸಿದ ಹಣವು ಮಾಹಿತಿಯ ಕಳವಿನಲ್ಲಿ ಹೋಗಬಹುದು.

ಕನ್ನಡ ಬರೆಯಲು ಬೇರೆ ಯಂತ್ರಭಾಗವನ್ನು ಕೊಳ್ಳಬೇಕಾಗಿಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದು, ಇಂದಿನ ಪ್ರಮುಖ ಕಾರ್ಯಾಚರಣೆ ತಂತ್ರಾಂಶಗಳೆಲ್ಲವೂ ಕನ್ನಡವನ್ನು ಬಲ್ಲವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡವನ್ನು ಸರಾಗವಾಗಿ ಬರೆಯಬಹುದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವೂ ಉಚಿತವಾಗಿಯೇ ದೊರೆತಿದೆ. ಕನ್ನಡಕ್ಕೆಂದು ಪ್ರತ್ಯೇಕ ಹಣ ಕೇಳಿದರೆ ಕಾರಣವನ್ನು ವಿಚಾರಿಸಬೇಕು.

ಹಣ ಎಣಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಸಂಸ್ಕಾರಕದ ಪೂರ್ಣ ಹೆಸರು ಮತ್ತು ಸಂಖ್ಯೆ ಏನು? ಅದು ಯಾವ ವರ್ಷದ್ದು?

2. ಸ್ಮೃತಿ ಎಷ್ಟು ಜಿ.ಬಿ.? ಯಾವ ಡಿ.ಡಿ.ಆರ್.? ಬೆಸೆದದ್ದೋ, ಬದಲಿಸಬಹುದಾದದ್ದೋ?

3. ಸಂಗ್ರಹವು ಹಾರ್ಡ್ ಡಿಸ್ಕೋ, ಎಸ್.ಎಸ್.ಡಿ.ಯೋ? ಎಸ್.ಎಸ್.ಡಿ.ಯಾದರೆ ಯಾವ ಮಾದರಿ?

4. ಪರದೆಯ ಚುಕ್ಕೆಗಳೆಷ್ಟು?

5. ಕಾರ್ಯಾಚರಣೆ ತಂತ್ರಾಂಶವು ಅಧಿಕೃತವಾದುದೆ?

6. ಯಾವ ಅಂಗಕ್ಕೆ ಎಷ್ಟು ವರ್ಷದ ವಾರಂಟಿ? ದುರಸ್ತಿ ಯಾವ ಊರಿನಲ್ಲಿ?

7. ಈ ವಿವರಗಳನ್ನೆಲ್ಲ ಜಿ.ಎಸ್.ಟಿ. ಬಿಲ್ಲಿನಲ್ಲಿ ಬರೆದುಕೊಡುವರೆ?

ಕೊನೆಯ ಪ್ರಶ್ನೆಗೆ ಹಿಂಜರಿಯುವ ಅಂಗಡಿಯಿಂದ ಹಿಂದಿರುಗುವುದು ಮೇಲು.

ಉಪಸಂಹಾರ

ಆ ತಂದೆ ಮಗಳ ಮನೆಗೆ ಮರಳುವುದಾದರೆ, ಅಲ್ಲಿ ಎಲ್ಲವೂ ಕೈಮೀರಿಲ್ಲ. ತಿರುಗುವ ಹಾರ್ಡ್ ಡಿಸ್ಕಿನ ಜಾಗದಲ್ಲಿ ಒಂದು ಸಾಟಾ ಎಸ್.ಎಸ್.ಡಿ., ಖಾಲಿ ಜಾಗದಲ್ಲಿ ಇನ್ನೊಂದು ಸ್ಮೃತಿಯ ಪಟ್ಟಿ, ಮೇಲೆ ಲಿನಕ್ಸ್. ಹೊಸ ಯಂತ್ರದ ಬೆಲೆಯ ಒಂದು ಭಾಗದಲ್ಲಿ ಮಗಳ ಓದಿಗೆ ಸಾಕಾಗುವ ಗಣಕವೊಂದು ಸಿದ್ಧವಾಗುತ್ತದೆ. ಹೊಸದನ್ನು ಕೊಳ್ಳಹೊರಟವರು ಮನೆಯಲ್ಲಿ ಮೂಲೆಗಿಟ್ಟ ಹಳೆಯದನ್ನು ಇದೇ ರೀತಿ ಒಮ್ಮೆ ಪರೀಕ್ಷಿಸಿ ನೋಡುವುದು ಉಚಿತ. ಶಾಲೆಗೋ ಬಡ ವಿದ್ಯಾರ್ಥಿಯ ಮನೆಗೋ ಗಣಕವನ್ನು ದಾನವಾಗಿ ಕೊಡುವವರಿಗೂ ಈ ಮಾತು ಸಲ್ಲುತ್ತದೆ. ಹೆಸರಿಗೆ ದೊಡ್ಡದಾದ ಹತ್ತು ಹಳೆಯ ಪೆಟ್ಟಿಗೆಗಳಿಗಿಂತ ಅಂಗಗಳು ಹೊಂದಿಕೊಂಡ ನಾಲ್ಕು ಯಂತ್ರಗಳೇ ಹೆಚ್ಚು ಮಕ್ಕಳ ಕೈಗೆ ಹೆಚ್ಚು ದಿನ ಕೆಲಸ ಕೊಡುತ್ತವೆ.

ಗಣಕಯಂತ್ರದ ಒಳಗನ್ನು ಅರಿಯಲು ಎಂಜಿನಿಯರ್ ಆಗಬೇಕಾಗಿಲ್ಲ. ಯಾವ ಅಂಗ ಯಾವ ಕೆಲಸ ಮಾಡುತ್ತದೆ, ಮನೆಯವರಿಗೆ ಯಾವ ಕೆಲಸ ಬೇಕಾಗಿದೆ ಎಂಬೆರಡನ್ನು ಅರಿತರೆ ಸಾಕು. ಆ ಅರಿವಿದ್ದ ಮನೆಯಲ್ಲಿ ಯಂತ್ರ ನಿಧಾನವಾದಾಗ ಯಾರೂ ಮಗಳನ್ನು ಬೈಯುವುದಿಲ್ಲ; ಅವಳ ಪಕ್ಕದಲ್ಲಿ ಕುಳಿತು, ಕುಂಟುತ್ತಿರುವುದು ಯಾವ ಎತ್ತು ಎಂದು ನೋಡುತ್ತಾರೆ.